ಪುರಾವೆ ಹೊರುವಷ್ಟು ಮಾತು

ಜನ ಎರಡು ಬಗೆಯಾಗಿ ಯೋಚಿಸುವ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಓದಿ, ಕೇಳಿ, ನೋಡಿ ತಿಳಿದುದರ ಬಲದ ಮೇಲೆ ಅದಕ್ಕೊಂದು ಉತ್ತರ ಕೊಟ್ಟು, ಆ ಉತ್ತರವನ್ನು ಒಪ್ಪದ ಓದುಗರಿಗೂ ಮನವರಿಕೆ ಮಾಡಿಸಲು ಬರೆಯುವುದು ವಾದ ಪ್ರಬಂಧ. ಅದರಲ್ಲಿ ಮೂರು ಸಂಗತಿಗಳು ಇರಲೇಬೇಕು: ಒಂದು ಖಚಿತವಾದ ಪ್ರತಿಪಾದನೆ, ಅದನ್ನು ಹೊರುವ ಪುರಾವೆ, ಎದುರು ಪಕ್ಷಕ್ಕೆ ಕೊಡುವ ಉತ್ತರ. ಪ್ರತಿಪಾದನೆ ಇಲ್ಲದ ಬರಹ ವರದಿಯಾಗುತ್ತದೆ, ಪುರಾವೆ ಇಲ್ಲದ್ದು ಭಾಷಣವಾಗುತ್ತದೆ, ಎದುರು ಪಕ್ಷವನ್ನು ಕಾಣದ್ದು ಕರಪತ್ರವಾಗುತ್ತದೆ.

ಕನ್ನಡ ಶಾಲೆಗಳಲ್ಲಿ ಕಲಿತು ಬಂದ ಪ್ರಬಂಧದ ಅಚ್ಚು ಬೇರೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಮನೆಗಳನ್ನು ತುಂಬಿಸಿದರೆ ಅಲ್ಲಿ ಅಂಕ ಸಿಗುತ್ತದೆ. ‘ಪರಿಸರ ಸಂರಕ್ಷಣೆ’, ‘ರಾಷ್ಟ್ರೀಯ ಹಬ್ಬಗಳ ಮಹತ್ವ’, ‘ಗ್ರಂಥಾಲಯದ ಉಪಯೋಗ’ ಮೊದಲಾದ ವಿಷಯಗಳಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ. ಆದ್ದರಿಂದ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ. ಪದವಿ ತರಗತಿಗೆ ಬಂದು ಅಸೈನ್‌ಮೆಂಟಿಗೆ ಕೈ ಹಾಕಿದಾಗಲೂ ಅದೇ ಅಚ್ಚು ಮುಂದುವರಿಯುತ್ತದೆ. ಬಣ್ಣದ ಮುಖಪುಟ, ಅಂಚು ಗೀಟು ಹಾಕಿದ ಹಾಳೆಗಳು, ಒಳಗೆ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದ ಪುಟಗಳಿಂದ ಎತ್ತಿ ಬರೆದ ಮಾತುಗಳು. ಅಲ್ಲಿಂದ ಪುರಾವೆ ಆಧರಿಸಿದ ವಾದಕ್ಕೆ ಸಾಗಲು ಭಾಷೆಯ ಮೇಲಿನ ಹಿಡಿತ ಒಂದೇ ಸಾಲದು, ಯೋಚಿಸುವ ಕ್ರಮವೂ ಬದಲಾಗಬೇಕು.

ಆ ಕ್ರಮವನ್ನು ಕಲಿಯಲು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು ಒಳ್ಳೆಯ ನೆಲ. ಕೊಳ್ಳೇಗಾಲದ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೋ, ಹನೂರು ಅಥವಾ ಯಳಂದೂರಿನ ಸರ್ಕಾರಿ ಕಾಲೇಜಿನಲ್ಲೋ ಓದುವ ವಿದ್ಯಾರ್ಥಿಗೆ ಜಗತ್ತಿನ ದೊಡ್ಡ ಚರ್ಚೆಗಳು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿವೆ. ಕಾಡಿನ ಹಕ್ಕು ಯಾರದು, ಹುಲಿಗೂ ಹಸುವಿಗೂ ಒಂದೇ ಬೆಟ್ಟದಲ್ಲಿ ಜಾಗವಿದೆಯೇ, ಕೈಮಗ್ಗ ಉಳಿಯಬೇಕಾದರೆ ಏನು ಮಾಡಬೇಕು, ಗಡಿ ಬದಲಾದ ಊರಿನ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗಳು ಇಲ್ಲಿ ಪಠ್ಯಪುಸ್ತಕದಿಂದ ಬರಬೇಕಾಗಿಲ್ಲ.

ವಿಷಯದಿಂದ ಪ್ರಶ್ನೆಗೆ

‘ರೇಷ್ಮೆ’ ಒಂದು ವಿಷಯ. ‘ಕೊಳ್ಳೇಗಾಲದ ರೇಷ್ಮೆ ನೇಯ್ಗೆ’ ಸ್ವಲ್ಪ ಕಿರಿದಾದ ವಿಷಯ. ಎರಡೂ ಪ್ರಶ್ನೆಗಳಲ್ಲ. ‘ಕೊಳ್ಳೇಗಾಲದ ಕೈಮಗ್ಗದವರಿಗೆ ಹೆಚ್ಚು ನೆರವಾಗುವುದು ನೂಲಿನ ಬೆಲೆಯಲ್ಲಿ ರಿಯಾಯಿತಿಯೇ, ನೇಯ್ದ ಸೀರೆಗೆ ಖಚಿತ ಮಾರುಕಟ್ಟೆಯೇ?’ ಎಂದು ಕೇಳಿದಾಗ ಅದು ಪ್ರಶ್ನೆಯಾಯಿತು. ಇದಕ್ಕೆ ಎರಡು ಕಡೆಯಿಂದಲೂ ಉತ್ತರ ಬರುತ್ತದೆ. ಮಗ್ಗದ ಮನೆಗೆ ಹೋಗಿ ಲೆಕ್ಕ ಕೇಳಬಹುದು, ಸೀರೆ ವ್ಯಾಪಾರಿಯನ್ನು ಮಾತಾಡಿಸಬಹುದು, ಇಲಾಖೆಯ ಯೋಜನೆಗಳನ್ನು ಓದಬಹುದು.

ಪ್ರಶ್ನೆ ಸರಿಯಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆಗಳು ಸಾಕು. ವಿವೇಕವುಳ್ಳ ಇಬ್ಬರು ಅದಕ್ಕೆ ಬೇರೆ ಬೇರೆ ಉತ್ತರ ಕೊಡಲು ಸಾಧ್ಯವೇ? ಕೈಗೆಟುಕುವ ಪುರಾವೆಯಿಂದ ಅದನ್ನು ತೀರ್ಮಾನಿಸಬಹುದೇ? ಎಂಟು ಹತ್ತು ಪುಟಗಳಲ್ಲಿ ಅದು ಮುಗಿಯುತ್ತದೆಯೇ? ‘ದೇವರಿದ್ದಾನೆಯೇ?’ ಎಂಬುದು ಎರಡನೆಯ ಪರೀಕ್ಷೆಯಲ್ಲಿ ಬೀಳುತ್ತದೆ. ‘ಭಾರತದ ಅರಣ್ಯ ನೀತಿ ಸರಿಯೇ?’ ಮೂರನೆಯದರಲ್ಲಿ ಬೀಳುತ್ತದೆ. ‘ಕಾಡನ್ನು ಉಳಿಸಬೇಕೇ?’ ಮೊದಲನೆಯದರಲ್ಲೇ ಬೀಳುತ್ತದೆ, ಏಕೆಂದರೆ ಬೇಡ ಎನ್ನುವವರಿಲ್ಲ.

ಇಡೀ ಕೆಲಸವನ್ನು ಹತ್ತಿರದಿಂದ ನೋಡಲು ಒಂದೇ ಉದಾಹರಣೆಯನ್ನು ಕೊನೆಯವರೆಗೆ ಹಿಡಿದು ಹೋಗುವುದು ಅನುಕೂಲ. ಯಳಂದೂರಿನಿಂದ ಬಿಳಿಗಿರಿರಂಗನಬೆಟ್ಟ ಹತ್ತುವ ರಸ್ತೆಯ ಎರಡೂ ಬದಿ ಲಂಟಾನ ಪೊದೆ ದಟ್ಟವಾಗಿ ಬೆಳೆದು ನಿಂತಿದೆ. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಅಲಂಕಾರದ ಗಿಡವಾಗಿ ಬಂದ ಇದು ಇಂದು ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಲು ಬಿಡುವುದಿಲ್ಲ. ಈ ಕಾಡಿನ ಆದಿವಾಸಿಗಳಾದ ಸೋಲಿಗರು ಹಿಂದೆ ಬೇಸಿಗೆ ಬಿಸಿಯೇರುವ ಮೊದಲೇ ನೆಲದ ಒಣ ಎಲೆಗಳಿಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ಅದಕ್ಕೆ ಅವರ ಮಾತಿನಲ್ಲಿ ತರಗು ಬೆಂಕಿ ಎಂದು ಹೆಸರು. ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ‘ಲಂಟಾನ ತಡೆಯಲು ತರಗು ಬೆಂಕಿಗೆ ಮತ್ತೆ ಅವಕಾಶ ಕೊಡಬೇಕೇ?’ ಎಂಬ ಪ್ರಶ್ನೆ ಮೂರು ಪರೀಕ್ಷೆಗಳಲ್ಲೂ ಗೆಲ್ಲುತ್ತದೆ.

ಪುರಾವೆ ಸಿಗುವ ಜಾಗಗಳು

ಪುರಾವೆಗಳಲ್ಲಿ ಎರಡು ಬಗೆ. ಕಣ್ಣಾರೆ ಕಂಡದ್ದು, ಸಂಬಂಧಪಟ್ಟವರ ಬಾಯಿಂದ ಕೇಳಿದ್ದು, ಮೂಲ ದಾಖಲೆ, ಕಾನೂನಿನ ಪಠ್ಯ, ಶಾಸನ, ಜನಗಣತಿಯ ಪಟ್ಟಿ ಇವೆಲ್ಲ ನೇರ ಆಕರಗಳು. ಇವನ್ನು ಓದಿ ಬೇರೆಯವರು ಬರೆದ ಪುಸ್ತಕ, ಸಂಶೋಧನ ಲೇಖನ, ಪತ್ರಿಕಾ ಬರಹ ಆನುಷಂಗಿಕ ಆಕರಗಳು. ಒಳ್ಳೆಯ ಪ್ರಬಂಧಕ್ಕೆ ಎರಡೂ ಬೇಕು. ಮೊದಲನೆಯದು ಪ್ರಬಂಧಕ್ಕೆ ಸ್ವಂತಿಕೆ ಕೊಡುತ್ತದೆ, ಎರಡನೆಯದು ಆ ಸ್ವಂತ ನೋಟ ಎಲ್ಲಿ ತಪ್ಪಿರಬಹುದೆಂದು ತೋರಿಸುತ್ತದೆ.

ಈ ಮೂರು ತಾಲ್ಲೂಕುಗಳ ಬಗ್ಗೆ ಅಂಕಿಅಂಶ ಹುಡುಕುವವರು ಮೊದಲು ಗಡಿಗಳ ಕಥೆ ತಿಳಿದಿರಬೇಕು. ಕೊಳ್ಳೇಗಾಲ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ 1951ರ ಜನಗಣತಿಯಲ್ಲಿ ಅದು ಮದ್ರಾಸಿನ ಸಂಪುಟದಲ್ಲೂ 1961ರ ಜನಗಣತಿಯಲ್ಲಿ ಮೈಸೂರಿನ ಸಂಪುಟದಲ್ಲೂ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊಳ್ಳೇಗಾಲವನ್ನು ಬಿ.ಎಲ್. ರೈಸರ ಮೈಸೂರು ಗ್ಯಾಸೆಟಿಯರಿನಲ್ಲಿ ಹುಡುಕಿದರೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಎಫ್.ಎ. ನಿಕೋಲ್ಸನ್ 1887ರಲ್ಲಿ ಪ್ರಕಟಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ತೆರೆಯಬೇಕು. ಪಕ್ಕದ ಯಳಂದೂರಿನದು ಬೇರೆ ದಾರಿ. ಅದು ದಿವಾನ್ ಪೂರ್ಣಯ್ಯನವರಿಗೆ ಮೈಸೂರು ಸಂಸ್ಥಾನ ಕೊಟ್ಟ ಜಹಗೀರು, ಹಾಗಾಗಿ ಅದರ ದಾಖಲೆ ಮೈಸೂರಿನ ಕಡತಗಳಲ್ಲಿದೆ. ಹನೂರು 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲೊಂದು. 2011ರ ಜನಗಣತಿಯಲ್ಲಿ ಅದಕ್ಕೆ ಪ್ರತ್ಯೇಕ ಪಟ್ಟಿಯೇ ಇಲ್ಲ. ಅಂಕಿ ಬೇಕಾದವರು ಕೊಳ್ಳೇಗಾಲ ತಾಲ್ಲೂಕಿನ ಗ್ರಾಮವಾರು ಪಟ್ಟಿಯಿಂದ ಹನೂರಿಗೆ ಸೇರಿದ ಊರುಗಳನ್ನು ಹೆಕ್ಕಿ ಕೂಡಿಸಬೇಕು, ಹಾಗೆ ಕೂಡಿಸಿದ್ದನ್ನು ಪ್ರಬಂಧದಲ್ಲಿ ಹೇಳಲೂಬೇಕು. ಚಾಮರಾಜನಗರ ಜಿಲ್ಲೆಯೇ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ಅಂಕಿಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ‘ಏರಿತು’, ‘ಇಳಿಯಿತು’ ಎಂದರೆ ಹೋಲಿಕೆಯೇ ತಪ್ಪಾಗುತ್ತದೆ.

ಕಚೇರಿಯಲ್ಲಿರುವ ಮಾಹಿತಿಗೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಪ್ರಬಂಧ ಒಪ್ಪಿಸುವ ದಿನಕ್ಕೆ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕುವುದು ಜಾಣತನ. ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಅಲ್ಲಿವೆ. ತಾಲ್ಲೂಕಿನ ದಿನದಿನದ ಸುದ್ದಿಗೆ ‘ಪ್ರಜಾವಾಣಿ’ಯ ಜಿಲ್ಲಾ ಪುಟಗಳೂ ಮೈಸೂರಿನ ‘ಆಂದೋಲನ’ದ ಹಳೆಯ ಸಂಚಿಕೆಗಳೂ ಇವೆ. ಪತ್ರಿಕೆಯ ಸುದ್ದಿ ಘಟನೆ ನಡೆಯಿತೆಂಬುದಕ್ಕೆ ಸಾಕ್ಷಿಯಾಗಬಹುದು, ಅದರ ಕಾರಣಕ್ಕೆ ಸಾಮಾನ್ಯವಾಗಿ ಸಾಲದು.

ತರಗು ಬೆಂಕಿಯ ಪ್ರಶ್ನೆಗೆ ಬೇಕಾದ ಆಕರಗಳು ಅಪರೂಪಕ್ಕೆ ಸಮೃದ್ಧವಾಗಿವೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಬಿಳಿಗಿರಿಯ ಕಾಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಪ್ರಕಟಿಸಿದ ಲೇಖನ ಒಂದು ಊಹೆಯನ್ನು ಮುಂದಿಟ್ಟಿತು: ಬೆಂಕಿ ಮತ್ತು ಲಂಟಾನ ಒಂದಕ್ಕೊಂದು ಇಂಬು ಕೊಡುತ್ತವೆ, ಬೆಂಕಿ ಬಿದ್ದ ಜಾಗಕ್ಕೆ ಲಂಟಾನ ನುಗ್ಗುತ್ತದೆ, ಲಂಟಾನ ಒಣಗಿ ಮುಂದಿನ ಬೆಂಕಿಗೆ ಉರುವಲಾಗುತ್ತದೆ. 2012ರಲ್ಲಿ ಇದೇ ಸಂಶೋಧಕರು ಸಹೋದ್ಯೋಗಿಗಳ ಜೊತೆ ಸೋಲಿಗರ ತಿಳಿವಳಿಕೆಯನ್ನು ದಾಖಲಿಸಿದಾಗ ಬೇರೆಯೇ ಚಿತ್ರ ಕಂಡಿತು. ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತಣ್ಣನೆಯ ಬೆಂಕಿ ಲಂಟಾನವನ್ನು ಹತೋಟಿಯಲ್ಲಿಟ್ಟಿತ್ತು, ಅದು ನಿಂತ ಮೇಲೆ ಪೊದೆ ಹಬ್ಬಿತು ಎಂಬುದು ಸೋಲಿಗರ ವಿವರಣೆ. ಅದೇ ಕಾಡಿನ ಮಾದರಿ ಜಾಗಗಳನ್ನು 1997ರಲ್ಲೂ 2008ರಲ್ಲೂ ಅಳೆದು ನೋಡಿದಾಗ ಲಂಟಾನ ಇರುವ ಜಾಗಗಳ ಪ್ರಮಾಣ ಸುಮಾರು ಎರಡರಷ್ಟಾಗಿತ್ತು. ತಾವೇ ಮುಂದಿಟ್ಟ ಊಹೆಯನ್ನು ಸ್ಥಳೀಯರ ಮಾತಿನ ಎದುರು ಇಟ್ಟು ನೋಡಿದ ಈ ಸಂಶೋಧಕರ ನಡೆಯೇ ವಿದ್ಯಾರ್ಥಿಗೆ ಒಂದು ಪಾಠ. ವಾದ ಗೆಲ್ಲುವ ಆಸೆಗಿಂತ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲಿ ಎಂಬ ಆಸೆ ದೊಡ್ಡದಾಗಿರಬೇಕು.

ಕೇಳಿ ತಿಳಿಯುವುದು

ಸೋಲಿಗರ ಹಾಡಿಯಾದ ಪೋಡಿಗೆ ಹೋಗಿ ಹಿರಿಯರನ್ನು ಮಾತಾಡಿಸುವುದು ಇಲ್ಲಿನ ವಿದ್ಯಾರ್ಥಿಗೆ ಸುಲಭ. ಸರಿಯಾಗಿ ಕೇಳುವುದು ಅಷ್ಟು ಸುಲಭವಲ್ಲ. ‘ಬೆಂಕಿ ನಿಲ್ಸಿದ್ಕೇ ಅಲ್ವಾ ತಾತ ಲಂಟಾನ ಬಂದದ್ದು?’ ಎಂದು ಕೇಳಿದರೆ ಪ್ರಶ್ನೆಯಲ್ಲೇ ಉತ್ತರ ಅಡಗಿದೆ. ಹಿರಿಯರು ಸೌಜನ್ಯಕ್ಕಾದರೂ ಹೌದು ಎನ್ನುತ್ತಾರೆ, ಆ ಹೌದಿಗೆ ಪುರಾವೆಯ ಬೆಲೆ ಇಲ್ಲ. ‘ನೀವು ಚಿಕ್ಕೋರಿದ್ದಾಗ ಈ ಜಾಗ ಹೆಂಗಿತ್ತು ತಾತ?’ ಎಂದು ಕೇಳಿ ಸುಮ್ಮನಾದರೆ ಹುಲ್ಲಿನ ಎತ್ತರ, ಬಿದಿರು, ನೆಲ್ಲಿಮರ, ಜಿಂಕೆ, ಬೆಂಕಿ ಹಾಕುತ್ತಿದ್ದ ತಿಂಗಳು ಎಲ್ಲವೂ ತಾನಾಗಿ ಬರುತ್ತದೆ. ಕೇಳುವವರು ಎಣಿಸದೇ ಇದ್ದ ಕಾರಣವೂ ಆಗ ಹೊರಬೀಳಬಹುದು.

ಸೋಲಿಗರ ತಿಳಿವಳಿಕೆಯ ಆಳಕ್ಕೆ ನೆಲ್ಲಿಮರವೇ ಸಾಕ್ಷಿ. ಅದರ ಕೊಂಬೆಗಳ ಮೇಲೆ ಬೆಳೆದು ಮರದ ಸಾರ ಹೀರುವ ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು ಎಂಬ ಅವರ ಮಾತು ಸಂಶೋಧನ ಪತ್ರಿಕೆಗಳಲ್ಲಿ ಚರ್ಚೆಯಾಗಿದೆ. ಲಂಟಾನದ ಬಗ್ಗೆ ಕೇಳಲು ಹೋದವರಿಗೆ ಉಪ್ಪಿಲಿನ ವಿಷಯ ಸಿಕ್ಕರೆ ಅದು ಅಡ್ಡದಾರಿಯಾಗುವುದಿಲ್ಲ. ಅದೇ ಬೆಂಕಿಯ ಇನ್ನೊಂದು ಪರಿಣಾಮ ತಿಳಿದಂತಾಯಿತು.

ಮಾತಾಡಿಸುವ ಮೊದಲು ಯಾತಕ್ಕಾಗಿ ಕೇಳುತ್ತಿರುವುದೆಂದು ಹೇಳಿ ಒಪ್ಪಿಗೆ ಪಡೆಯಬೇಕು. ಮೊಬೈಲಿನಲ್ಲಿ ಧ್ವನಿ ಮುದ್ರಿಸುವುದಾದರೆ ಅದಕ್ಕೂ ಒಪ್ಪಿಗೆ ಬೇಕು. ಹೆಸರು ಬೇಡ ಎಂದರೆ ‘ಸುಮಾರು 70 ವರ್ಷದ ಸೋಲಿಗ ಹಿರಿಯರು’ ಎಂದಷ್ಟೇ ಬರೆದು ದಿನಾಂಕ ಹಾಕಿದರೆ ಸಾಕು. ಅರಣ್ಯದ ಹಕ್ಕು, ಬೆಂಕಿ, ಬೇಟೆಯಂಥ ವಿಷಯದಲ್ಲಿ ಒಬ್ಬರ ಹೆಸರು ಅಚ್ಚಾಗುವುದು ಅವರಿಗೆ ತೊಂದರೆ ತರಬಹುದು. ಪೋಡಿನವರನ್ನು ಕೇಳಿದಂತೆಯೇ ವಲಯ ಅರಣ್ಯಾಧಿಕಾರಿಯನ್ನೂ ಬೆಂಕಿ ಕಾವಲಿನವರನ್ನೂ ಕೇಳಬೇಕು. ಬೇಸಿಗೆಯಲ್ಲಿ ಬೆನ್ನಿಗೆ ನೀರು ಹೊತ್ತು ಬೆಟ್ಟ ಹತ್ತುವ ಕಾವಲಿನವರು ಕಂಡ ಬೆಂಕಿಯೂ ಪುರಾವೆಯೇ.

ಓದಿದ್ದನ್ನೂ ಕೇಳಿದ್ದನ್ನೂ ಗುರುತು ಹಾಕಿಕೊಳ್ಳಲು ನೋಟ್‌ಬುಕ್ಕಿನ ಪುಟಕ್ಕೆ ಎರಡು ಗೀಟು ಎಳೆದು ಮೂರು ಕಾಲಂ ಮಾಡಿಕೊಳ್ಳುವುದು ಹಳೆಯ, ಕೈಕೊಡದ ವಿಧಾನ. ಎಡಗಡೆ ಆಕರ: ಲೇಖಕ, ವರ್ಷ, ಪುಟ, ಅಥವಾ ಮಾತಾಡಿಸಿದ ದಿನ, ಸ್ಥಳ. ನಡುವೆ ಅದು ಹೇಳುವ ಸಂಗತಿ, ತನ್ನ ಸ್ವಂತ ಮಾತಿನಲ್ಲಿ. ಬಲಗಡೆ ಅದರ ಬಗ್ಗೆ ಎದ್ದ ಪ್ರಶ್ನೆ. ಉದಾಹರಣೆಗೆ ನಡುವಿನ ಕಾಲಮ್ಮಿನಲ್ಲಿ ‘1997–2008: ಲಂಟಾನ ಇರುವ ಜಾಗ ಸುಮಾರು ಎರಡರಷ್ಟು’ ಎಂದಿದ್ದರೆ ಬಲಗಡೆ ‘ಬೆಂಕಿ ನಿಂತದ್ದೊಂದೇ ಕಾರಣವೇ? ಬಿದಿರು ಕಡಿದದ್ದು? ದನ ಮೇಯಿಸಿದ್ದು?’ ಎಂದು ಬರುತ್ತದೆ. ಬಲಗಡೆಯ ಕಾಲಂ ತುಂಬುತ್ತಾ ಹೋದಂತೆ ಪ್ರಬಂಧ ತಲೆಯಲ್ಲಿ ರೂಪುಗೊಳ್ಳುತ್ತದೆ. ಅದು ಖಾಲಿಯೇ ಉಳಿದರೆ ಬರೆಯುವವರು ಇನ್ನೂ ನಕಲು ಮಾಡುವ ಹಂತದಲ್ಲೇ ಇದ್ದಾರೆಂದು ಅರ್ಥ.

ವಾದದ ಐದು ಅಂಗಗಳು

ವಾದವನ್ನು ಕಟ್ಟುವ ಕ್ರಮಕ್ಕೆ ಭಾರತೀಯ ನ್ಯಾಯಶಾಸ್ತ್ರ ಐದು ಅಂಗಗಳನ್ನು ಹೇಳಿದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಶಾಸ್ತ್ರದ ಹೆಸರಾಂತ ನಿದರ್ಶನವೂ ಬೆಟ್ಟ ಮತ್ತು ಬೆಂಕಿಯದೇ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುತ್ತಿದೆ ಎಂಬುದು ಹೇತು. ಹೊಗೆ ಇರುವಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ, ಎಂಬುದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ ಎಂಬುದು ಉಪನಯ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ನಿಗಮನ. 1958ರಲ್ಲಿ ಬ್ರಿಟನ್ನಿನ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ ವಾದದ ಬಳಕೆಯ ಬಗ್ಗೆ ಬರೆದ ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು: ಪುರಾವೆಯನ್ನೂ ಪ್ರತಿಪಾದನೆಯನ್ನೂ ಕೂಡಿಸುವ ನಿಯಮವೊಂದು ನಡುವೆ ಇರುತ್ತದೆ, ಅದನ್ನು ಬಿಡಿಸಿ ತೋರಿಸಬೇಕು.

ಹೆಚ್ಚಿನ ಪ್ರಬಂಧಗಳು ಸೋಲುವುದು ಈ ಕೂಡಿಸುವ ಜಾಗದಲ್ಲಿ. ಪ್ರತಿಪಾದನೆ ಇರುತ್ತದೆ, ಅಂಕಿಅಂಶವೂ ಇರುತ್ತದೆ, ಒಂದರಿಂದ ಇನ್ನೊಂದಕ್ಕೆ ಹೇಗೆ ಬಂದದ್ದೆಂದು ಹೇಳಿರುವುದಿಲ್ಲ. ‘ತರಗು ಬೆಂಕಿ ನಿಂತಿತು. ಲಂಟಾನ ಹೆಚ್ಚಿತು. ಆದ್ದರಿಂದ ಬೆಂಕಿ ನಿಂತದ್ದೇ ಕಾರಣ’ ಎಂಬ ಮೂರು ವಾಕ್ಯಗಳು ಸರಿಯಾಗಿ ಕಾಣುತ್ತವೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಆಡುಮಾತು ಎಚ್ಚರಿಸುವುದು ಇಂಥ ವಾದದ ಬಗ್ಗೆಯೇ. ಒಂದರ ಹಿಂದೆ ಇನ್ನೊಂದು ಬಂದರೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರಬೇಕಾಗಿಲ್ಲ. ನಡುವಿನ ಕೊಂಡಿಯನ್ನು ತೋರಿಸಿದಾಗ ಮಾತ್ರ ವಾದ ನಿಲ್ಲುತ್ತದೆ: ಬೇಸಿಗೆಯ ಮೊದಲಲ್ಲಿ ಎಲೆಗಳಲ್ಲಿ ಇನ್ನೂ ತೇವವಿರುವುದರಿಂದ ಬೆಂಕಿ ನೆಲಮಟ್ಟದಲ್ಲೇ ಹರಿಯುತ್ತದೆ, ಎಳೆಯ ಲಂಟಾನ ಸಸಿಗಳನ್ನೂ ಬೀಜಗಳನ್ನೂ ಸುಡುತ್ತದೆ, ದೊಡ್ಡ ಮರಗಳ ತೊಗಟೆಗೆ ಹೆಚ್ಚು ಹಾನಿ ಮಾಡುವುದಿಲ್ಲ. ಈ ಕೊಂಡಿಗೆ ಸೋಲಿಗರ ಮಾತೂ ಬೇಕು, ಸಸ್ಯಶಾಸ್ತ್ರದ ಓದೂ ಬೇಕು.

ಪ್ರತಿ ಪ್ಯಾರಾ ಒಂದೇ ಅಂಶವನ್ನು ಹೊತ್ತರೆ ಚೆನ್ನ. ಪ್ಯಾರಾದ ಮೊದಲ ವಾಕ್ಯ ಆ ಅಂಶವನ್ನು ಹೇಳಬೇಕು, ನಡುವಿನವು ಪುರಾವೆ ಕೊಟ್ಟು ಬಿಡಿಸಬೇಕು, ಕೊನೆಯದು ಮುಖ್ಯ ಪ್ರತಿಪಾದನೆಗೆ ಅದು ಹೇಗೆ ಸೇರುತ್ತದೆಂದು ತೋರಿಸಬೇಕು. ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಸಾಲಾಗಿ ಓದಿದಾಗ ಇಡೀ ವಾದ ತಿಳಿಯುವಂತಿದ್ದರೆ ಕಟ್ಟಡ ಭದ್ರವಾಗಿದೆ ಎಂದು ನಂಬಬಹುದು.

ಪೂರ್ವಪಕ್ಷ

ಎದುರಾಳಿಯ ಮಾತನ್ನು ಮೊದಲು ಪೂರ್ತಿಯಾಗಿ ಹೇಳಿ ಆಮೇಲೆ ತನ್ನ ಸಿದ್ಧಾಂತಕ್ಕೆ ಬರುವುದು ಶಾಸ್ತ್ರಗ್ರಂಥಗಳ ಶಿಸ್ತು. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಸತ್ಯ ತಿಳಿಯಲು ಆಡುವ ಮಾತು ವಾದ, ಗೆಲ್ಲುವುದಕ್ಕಷ್ಟೇ ಆಡುವುದು ಜಲ್ಪ, ತನ್ನದೊಂದು ನಿಲುವೇ ಇಲ್ಲದೆ ಎದುರಾಳಿಯದನ್ನು ಕೆಡವುವುದು ವಿತಂಡ ಎಂದು ನ್ಯಾಯಶಾಸ್ತ್ರ ಮೂರನ್ನೂ ಬೇರೆ ಮಾಡಿದೆ. ಕಾಲೇಜು ಪ್ರಬಂಧ ಮೊದಲನೆಯದಾಗಬೇಕು.

ತರಗು ಬೆಂಕಿಯ ಪ್ರಬಂಧಕ್ಕೆ ಎದುರು ಪಕ್ಷ ಬಲವಾಗಿಯೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಸೆಕ್ಷನ್ ಅಭಯಾರಣ್ಯದಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸುತ್ತದೆ. ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾಗಿ ಈಗ ಹುಲಿ ಸಂರಕ್ಷಿತ ಪ್ರದೇಶವೂ ಆಗಿದೆ. ಬೆಂಕಿಯಲ್ಲಿ ಮರದ ಸಸಿಗಳೂ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳೂ ಸುಡುತ್ತವೆ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಡೇ ಬದಲಾಗಿದೆ ಎಂಬುದು. ಹುಲ್ಲು, ತರಗೆಲೆ ಇದ್ದ ಕಾಡಿನಲ್ಲಿ ತಣ್ಣಗೆ ಹರಿಯುತ್ತಿದ್ದ ಬೆಂಕಿ ಇಂದು ಆಳೆತ್ತರದ ಲಂಟಾನಕ್ಕೆ ಹತ್ತಿದರೆ ಮರದ ತಲೆಯವರೆಗೂ ಏರುತ್ತದೆ. ಬುಡದಿಂದ ಮತ್ತೆ ಚಿಗುರುವ ಲಂಟಾನ ಒಂದು ಬೆಂಕಿಗೆ ಸಾಯುವುದೂ ಇಲ್ಲ.

ಈ ಮಾತುಗಳನ್ನು ಮುಚ್ಚಿಟ್ಟರೆ ಪ್ರಬಂಧ ಮೊದಲ ಓದಿಗೇ ಬೀಳುತ್ತದೆ. ಎದುರಿಗಿಟ್ಟುಕೊಂಡರೆ ಪ್ರತಿಪಾದನೆಯೇ ಹದಗೊಳ್ಳುತ್ತದೆ. ‘ತರಗು ಬೆಂಕಿಗೆ ಅವಕಾಶ ಕೊಡಬೇಕು’ ಎಂದು ಶುರುವಾದದ್ದು ತಿದ್ದಿದ ಮೇಲೆ ಹೀಗಾಗಬಹುದು: ‘ಲಂಟಾನ ಇನ್ನೂ ವಿರಳವಾಗಿರುವ ಆಯ್ದ ಜಾಗಗಳಲ್ಲಿ, ದಟ್ಟವಾಗಿರುವಲ್ಲಿ ಅದನ್ನು ಬುಡಸಮೇತ ಕಿತ್ತ ಮೇಲೆ, ಬೇಸಿಗೆಯ ಆರಂಭದಲ್ಲಿ, ಗ್ರಾಮಸಭೆ ಮತ್ತು ಅರಣ್ಯ ಇಲಾಖೆಯ ಜಂಟಿ ಉಸ್ತುವಾರಿಯಲ್ಲಿ ತರಗು ಬೆಂಕಿಯನ್ನು ಪ್ರಾಯೋಗಿಕವಾಗಿ ಹಾಕಿ ನೋಡಬೇಕು.’ ಕಾನೂನಿನ ಆಕ್ಷೇಪಕ್ಕೂ ಇಲ್ಲಿ ಉತ್ತರ ಹುಡುಕಬಹುದು. ಅರಣ್ಯ ಹಕ್ಕು ಕಾಯ್ದೆ 2006 ಸಮುದಾಯ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಕೊಡುತ್ತದೆ. 2011ರ ಅಕ್ಟೋಬರಿನಲ್ಲಿ ಬಿಳಿಗಿರಿಯ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿದೆ. ಎರಡು ಕಾಯ್ದೆಗಳು ಒಂದೇ ಬೆಟ್ಟದಲ್ಲಿ ಎದುರುಬದುರಾಗುವ ಈ ಜಾಗ ಪ್ರಬಂಧದ ಹೃದಯಭಾಗವಾಗಬಲ್ಲದು.

ಮನವೊಲಿಸುವ ದಾರಿ

ಒಪ್ಪದವರನ್ನು ಒಪ್ಪಿಸಬೇಕಾದರೆ ಅವರೂ ಒಪ್ಪುವ ಸಂಗತಿಯಿಂದ ಹೊರಡಬೇಕು. ಇದನ್ನು ಚೆನ್ನಾಗಿ ಬಲ್ಲವಳು ಯಳಂದೂರಿನವಳೇ ಆದ ಸಂಚಿ ಹೊನ್ನಮ್ಮ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಈಕೆ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಕೃತಿ ಪತಿವ್ರತೆಯ ಧರ್ಮವನ್ನು ಹೇಳುವಂಥದು, ಅದರ ಕಾಲದ ಚೌಕಟ್ಟನ್ನು ಮೀರುವುದಿಲ್ಲ. ಅದರೊಳಗೇ ಅವಳು ಹೆಣ್ಣುಮಗುವನ್ನು ಕೀಳಾಗಿ ಕಾಣುವುದು ತಪ್ಪೆಂದು ವಾದಿಸುತ್ತಾಳೆ. ವಾದದ ಮೊದಲ ಮೆಟ್ಟಿಲು ಯಾರೂ ಅಲ್ಲಗಳೆಯಲಾಗದ್ದು: ಹೆಣ್ಣನ್ನು ಹಳಿಯುವವರನ್ನು ಹೆತ್ತವಳೂ ಹೆಣ್ಣೇ. ಅಷ್ಟನ್ನು ಒಪ್ಪಿದ ಕೇಳುಗ ಮುಂದಿನ ಮಾತನ್ನು ತಳ್ಳಿಹಾಕಲು ಕಷ್ಟಪಡುತ್ತಾನೆ. ತರಗು ಬೆಂಕಿಯ ಪ್ರಬಂಧದಲ್ಲಿ ಇಂಥ ಮೆಟ್ಟಿಲು ಯಾವುದು? ಲಂಟಾನ ಕಾಡಿಗೆ ಕೆಡುಕು ಎಂಬುದನ್ನು ಅರಣ್ಯ ಇಲಾಖೆಯೂ ಒಪ್ಪುತ್ತದೆ, ಸೋಲಿಗರೂ ಒಪ್ಪುತ್ತಾರೆ, ವಿಜ್ಞಾನಿಗಳೂ ಒಪ್ಪುತ್ತಾರೆ. ಅಲ್ಲಿಂದ ಹೊರಡಬೇಕು.

ಭಾವನೆಗೂ ವಾದದಲ್ಲಿ ಜಾಗವಿದೆ, ಅದು ಪುರಾವೆಯ ಜಾಗವನ್ನು ಕಸಿಯಬಾರದು. 2025ರ ಜೂನ್‌ನಲ್ಲಿ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷದಿಂದ ಸತ್ತವು. ಕಾಡಂಚಿನ ಜಾನುವಾರು ಸಾಕಣೆಯ ಬಗ್ಗೆ ಬರೆಯುವವರು ಈ ಘಟನೆಯಿಂದ ಶುರು ಮಾಡಿದರೆ ಓದುಗರ ಮನಸ್ಸು ತಟ್ಟುತ್ತದೆ. ಆ ಸಿಟ್ಟಿನಲ್ಲೇ ‘ಕಾಡಿನಲ್ಲಿ ದನ ಮೇಯಿಸುವುದನ್ನು ಪೂರ್ತಿ ನಿಲ್ಲಿಸಬೇಕು’ ಎಂದು ಮುಗಿಸಿದರೆ ಅದು ತೀರ್ಪಾಯಿತು, ವಾದವಾಗಲಿಲ್ಲ. ಎಷ್ಟು ಮನೆಗಳು ದನದ ಮೇಲೆ ಬದುಕಿವೆ, ಹುಲಿ ಹಿಡಿದ ಹಸುವಿಗೆ ಪರಿಹಾರ ಎಷ್ಟು ದಿನದಲ್ಲಿ ಸಿಗುತ್ತದೆ, ಮೇವಿಗೆ ಬೇರೆ ದಾರಿ ಏನು ಎಂಬುದನ್ನು ಕಂಡುಕೊಳ್ಳುವ ಶ್ರಮ ಆ ಸಿಟ್ಟಿನ ನಂತರ ಶುರುವಾಗಬೇಕು.

ಏ, ಊ ಮತ್ತು ಅಂತೆ

ಕನ್ನಡದಲ್ಲಿ ವಾದದ ತೂಕ ಎಷ್ಟೋ ಸಲ ಒಂದು ಅಕ್ಷರದ ಮೇಲೆ ನಿಂತಿರುತ್ತದೆ. ‘ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು’ ಎಂದರೆ ಬೇರೆ ಯಾವ ಕಾರಣವೂ ಇಲ್ಲ ಎಂದಾಯಿತು. ‘ಬೆಂಕಿ ನಿಂತದ್ದರಿಂದಲೂ ಲಂಟಾನ ಹಬ್ಬಿತು’ ಎಂದರೆ ಹಲವು ಕಾರಣಗಳಲ್ಲಿ ಅದೂ ಒಂದು. ಮೊದಲನೆಯದನ್ನು ಸಾಧಿಸಲು ಉಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ಅಲ್ಲಗಳೆಯಬೇಕು. ಎರಡನೆಯದಕ್ಕೆ ಇರುವ ಪುರಾವೆ ಸಾಕು. ಏಕಾರ ಬರೆಯುವ ಮೊದಲು ಪುರಾವೆ ಅದನ್ನು ಹೊರುತ್ತದೆಯೇ ಎಂದು ಕೇಳಿಕೊಳ್ಳುವ ಅಭ್ಯಾಸ ಪ್ರಬಂಧಕ್ಕೆ ದೊಡ್ಡ ಕಾವಲು. ‘ಎಲ್ಲ’, ‘ಯಾವಾಗಲೂ’, ‘ಎಂದಿಗೂ’, ‘ನಿಸ್ಸಂದೇಹವಾಗಿ’ ಎಂಬ ಮಾತುಗಳಿಗೂ ಇದೇ ಪರೀಕ್ಷೆ.

ಹಳ್ಳಿಯ ಮಾತಿನಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡುವ ಶಿಸ್ತು ಸಹಜವಾಗಿಯೇ ಇದೆ. ಆನೆ ಕಣ್ಣಿಗೆ ಬಿದ್ದಿದ್ದರೆ ‘ಆನೆ ಬಂದಿತ್ತು’ ಎನ್ನುತ್ತಾರೆ. ಬೇರೆಯವರಿಂದ ಕೇಳಿದ್ದರೆ ‘ಆನೆ ಬಂದಿತ್ತಂತೆ’ ಎನ್ನುತ್ತಾರೆ. ಆ ‘ಅಂತೆ’ ಬರವಣಿಗೆಯಲ್ಲಿ ‘ಎನ್ನಲಾಗಿದೆ’, ‘ಹೇಳಲಾಗುತ್ತದೆ’ ಎಂದು ವೇಷ ಬದಲಿಸಿ ಬರುತ್ತದೆ, ಹೇಳಿದವರ ಹೆಸರು ಮಾಯವಾಗುತ್ತದೆ. ಯಾರು ಎಂದದ್ದು, ಯಾವಾಗ, ಯಾವ ಪುಟದಲ್ಲಿ ಎಂದು ಬರೆದಾಗ ‘ಎನ್ನಲಾಗಿದೆ’ ಪುರಾವೆಯಾಗುತ್ತದೆ. ‘ಇಂದಿನ ಆಧುನಿಕ ಯುಗದಲ್ಲಿ’, ‘ಅನಾದಿಕಾಲದಿಂದಲೂ’ ಎಂದು ಶುರುವಾಗುವ ವಾಕ್ಯಗಳಿಂದ ಪ್ರಬಂಧಕ್ಕೆ ಏನೂ ದಕ್ಕುವುದಿಲ್ಲ. ಅವನ್ನು ಹೊಡೆದುಹಾಕಿ ಎರಡನೆಯ ವಾಕ್ಯದಿಂದ ಆರಂಭಿಸಿದರೆ ಪೀಠಿಕೆ ಚುರುಕಾಗುತ್ತದೆ.

ಆಕರದ ಋಣ

ಬೇರೆಯವರ ಮಾತನ್ನು ಹಾಗೆಯೇ ಬಳಸಿದರೆ ಉದ್ಧರಣ ಚಿಹ್ನೆ ಬೇಕು, ವಿಚಾರವನ್ನು ಸ್ವಂತ ಮಾತಿನಲ್ಲಿ ಹೇಳಿದರೂ ಆಕರದ ಉಲ್ಲೇಖ ಬೇಕು. ಅಲ್ಲೊಂದು ಇಲ್ಲೊಂದು ಪದ ಬದಲಿಸಿದ ಮಾತ್ರಕ್ಕೆ ವಾಕ್ಯ ಸ್ವಂತದ್ದಾಗುವುದಿಲ್ಲ. ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ನಿಯಮಗಳನ್ನು ತಂದಿದೆ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಿರುಗಿಸಿ ಹೆಸರು ಹೇಳದೆ ಬರೆಯುವುದೂ ಕೃತಿಚೌರ್ಯವೇ, ನಕಲು ಪತ್ತೆಹಚ್ಚುವ ತಂತ್ರಾಂಶಕ್ಕೆ ಅದು ಸಿಕ್ಕದೆ ಇರಬಹುದು, ಅಷ್ಟೆ. ಕಂಪ್ಯೂಟರ್ ತಾನಾಗಿ ಬರೆದು ಕೊಡುವ ಪಠ್ಯದಲ್ಲಿ ಎಂದೂ ಪ್ರಕಟವಾಗದ ಲೇಖನಗಳ ಹೆಸರುಗಳೂ ಬರುತ್ತವೆ. ಆದ್ದರಿಂದ ಕಣ್ಣಾರೆ ಓದದ ಆಕರವನ್ನು ಪಟ್ಟಿಗೆ ಸೇರಿಸಬಾರದು. ಪೋಡಿನಲ್ಲಿ ಕೇಳಿದ ಮಾತಿಗೂ ಇದೇ ನ್ಯಾಯ. ಒಬ್ಬ ಹಿರಿಯರ ಬದುಕಿನ ಅನುಭವ ಒಂದು ಪುಸ್ತಕದಷ್ಟೇ ಆಕರ, ಅದಕ್ಕೂ ಪುಸ್ತಕಕ್ಕೆ ಸಲ್ಲುವಷ್ಟೇ ಋಣ ಸಲ್ಲಬೇಕು.

ತಿದ್ದುವುದು

ಮೊದಲ ಕರಡು ಬರೆಯುವವರಿಗಾಗಿ, ಎರಡನೆಯದು ಓದುವವರಿಗಾಗಿ. ನಡುವೆ ಎರಡು ದಿನವಾದರೂ ಬಿಡುವು ಬೇಕು. ತಿದ್ದುವಾಗ ಮೊದಲು ವಾದವನ್ನು ನೋಡಬೇಕು: ಪ್ರತಿಪಾದನೆ ಒಂದು ವಾಕ್ಯದಲ್ಲಿ ಹೇಳುವಂತಿದೆಯೇ, ಪ್ರತಿ ಪ್ಯಾರಾ ಅದಕ್ಕೆ ದುಡಿಯುತ್ತಿದೆಯೇ, ಎದುರು ಪಕ್ಷದವರು ಓದಿದರೆ ‘ನಮ್ಮ ಮಾತನ್ನು ಸರಿಯಾಗಿ ಹೇಳಿದ್ದಾರೆ’ ಎಂದು ಒಪ್ಪುತ್ತಾರೆಯೇ. ಆಮೇಲೆ ಅಂಕಿಗಳನ್ನು ಆಕರದ ಜೊತೆ ಇಟ್ಟು ತಾಳೆ ನೋಡಬೇಕು. ಅಕ್ಷರ, ಒತ್ತು, ದೀರ್ಘಗಳ ಸರದಿ ಕೊನೆಗೆ. ಗಟ್ಟಿಯಾಗಿ ಓದಿದಾಗ ಉಸಿರು ಸಾಲದ ವಾಕ್ಯವನ್ನು ಎರಡಾಗಿ ಒಡೆಯಬೇಕು.

ಮುಕ್ತಾಯದ ಪ್ಯಾರಾ ಹಿಂದೆ ಹೇಳಿದ್ದನ್ನೇ ಮತ್ತೆ ಒಪ್ಪಿಸುವುದಕ್ಕಲ್ಲ. ಪುರಾವೆ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು, ಮುಂದೆ ಯಾರು ಏನನ್ನು ಅಳೆದು ನೋಡಬೇಕು ಎಂಬುದನ್ನು ಅದು ಹೇಳಬೇಕು. ತರಗು ಬೆಂಕಿಯ ಪ್ರಬಂಧವಾದರೆ ಯಾವ ಪೋಡಿನ ಹತ್ತಿರ, ಯಾವ ತಿಂಗಳಲ್ಲಿ, ಎಷ್ಟು ಜಾಗದಲ್ಲಿ ಬೆಂಕಿ ಹಾಕಿ ನೋಡಬಹುದು, ಮುಂದಿನ ಮಳೆಗಾಲದ ನಂತರ ಅಲ್ಲಿ ಲಂಟಾನ, ಹುಲ್ಲು, ನೆಲ್ಲಿಸಸಿಗಳನ್ನು ಎಣಿಸುವವರು ಯಾರು ಎಂಬುದನ್ನು ತಿಳಿಸಿ ಮುಗಿಯಬೇಕು. ಅಷ್ಟು ಹೇಳಿದ ಪ್ರಬಂಧವನ್ನು ಅಧ್ಯಾಪಕರು ಅಂಕ ಹಾಕಲು ಓದಬಹುದು, ಗ್ರಾಮಸಭೆಯವರೂ ವಲಯ ಅರಣ್ಯಾಧಿಕಾರಿಯೂ ಉಪಯೋಗಕ್ಕಾಗಿ ಓದಬಹುದು.